ಹೈರಿಡ್ಜಿನಲ್ಲಿ ಒಂದು ಸ್ಕಾಟ್ಲೆಂಡ್ ಶಾಪ

ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯ ಡಾಕ್ಟ್ರಮ್ಮನಿಗೆ ಕಣ್ಣು ಮಂಜಾದ ಮೇಲೆ ಅವರು ಬಾಯಿಬಿಟ್ಟು ನನ್ನಲ್ಲಿ ಕೇಳಿದ ಮೊದಲ ಉಪಕಾರ ಒಂದು ಇಂಗ್ಲಿಷ್ ಕಾದಂಬರಿ. ಯಾವ ಕಾದಂಬರಿ ಎಂದರೆ ಹೆಸರು ಹೇಳಲಿಲ್ಲ, ಗುರುತು ಹೇಳಿದರು.

"ಕವರ್ ಮೇಲೆ ಶರ್ಟ್ ಹಾಕದ ಗಂಡಸಿರ್ಬೇಕು. ಸೊಂಟಕ್ಕೆ ಚೌಕಳಿ ಲಂಗ. ಹಿಂದೆ ಒಂದು ಕೋಟೆ. ಸ್ಕಾಟ್ಲೆಂಡಿಂದೇ ಆಗ್ಬೇಕು ಕಣೆ, ಬೇರೆ ದೇಶದ ಹೀರೋಗಳು ನಂಗೆ ಆಗಿಬರಲ್ಲ."

ಅವರು ಆಯುಷ್ಯವೆಲ್ಲ ಇದೇ ನೈರೋಬಿಯಲ್ಲಿ ಹೆರಿಗೆ ಮಾಡಿಸಿದವರು. ಹೆರಿಗೆ ಕೋಣೆಯ ಪಕ್ಕದ ಡ್ಯೂಟಿ ರೂಮಿನಲ್ಲಿ, ಯಾರದೋ ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಸಿಕ್ಕ ಬಿಡುವಿನಲ್ಲಿ ಅವರು ಓದುತ್ತಿದ್ದುದು ಇಂಥವನ್ನೇ. ಗಂಡ ತೀರಿಕೊಂಡು, ಕೆಲಸ ನಿಂತು, ಕಡೆಗೆ ಕಣ್ಣೂ ಕೈಕೊಟ್ಟಾಗ, ಲಂಗದ ದೊರೆಗಳೂ ಅವರ ಕೈಬಿಟ್ಟು ಹೋಗಿದ್ದರು. ನಾನು ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು. ಗಂಡನ ಬ್ಯಾಂಕ್ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ಬೇರು ಬಿಟ್ಟವಳು. ಕಥೆ ಕಾದಂಬರಿಯ ಗೀಳು ನನಗೆ ಎಂದೂ ಹತ್ತಿದ್ದಿಲ್ಲ. ಆದರೂ ಪೇಟೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವನ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರಾದರೂ ವಿದ್ಯಾರ್ಥಿ ನೋಡಿಯಾನೆಂದು ಹೆದರುತ್ತ, ಹೇಳಿದ ಗುರುತಿನದೇ ಒಂದನ್ನು ಆರಿಸಿ ತಂದೆ.

"ಶರ್ಟ್ ಇದ್ಯಾ?"

"ಇಲ್ಲ ಡಾಕ್ಟ್ರೇ. ಆ ಚಳಿ ದೇಶದಲ್ಲಿ ಎದೆ ಬಿಟ್ಕೊಂಡು ನಿಂತಿದಾನೆ. ನೆಗಡಿ ಆಗ್ದೇ ಇರೋದೇ ದೊಡ್ಡ ಪವಾಡ."

"ಹಾಗಾದ್ರೆ ಒಳ್ಳೇ ಪುಸ್ತಕ. ಶುರು ಮಾಡು."

ಇಂಗ್ಲಿಷಿನಲ್ಲೇ ಓದಲು ಶುರು ಮಾಡಿದೆ. ಎರಡನೇ ಪುಟಕ್ಕೇ ಕೈ ಎತ್ತಿ ನಿಲ್ಲಿಸಿದರು. ಮಕ್ಕಳ ಮಾರ್ಕ್ಸ್ ಓದಿದ ಹಾಗೆ ಓದುತ್ತೀಯಲ್ಲೇ ಎಂದರು. ಫೋನಿನಲ್ಲಿ ಓದಿಸಿಕೊಳ್ಳಿ ಎಂದರೆ ಅದೂ ನೋಡಿ ಬಿಟ್ಟಾಗಿತ್ತಂತೆ: "ಆ ಫೋನಿನ ಹುಡುಗಿ ತಡಿ ಅಂದ್ರೆ ತಡಿಯಲ್ಲ, ಯಾಕೆ ಅಂದ್ರೆ ಹೇಳಲ್ಲ. ನೀನು ಮನೇಲಿ ಓದ್ಕೊಂಡು ಬಾ, ಬಂದು ಕನ್ನಡದಲ್ಲಿ ಹೇಳು. ನಮ್ಮೂರಲ್ಲಿ ಪುರಾಣ ಹೇಳ್ತಿದ್ರಲ್ಲ, ಹಾಗೆ. ಈ ಮನೇಲಿ ಕನ್ನಡ ಕೇಳಿ ಎಷ್ಟು ಕಾಲ ಆಯ್ತು." ಕಡೆಯ ಮಾತಿಗೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಹೀಗೆ ನಾನು ಸ್ಟಾಫ್ ರೂಮಿನಲ್ಲಿ ಪುಸ್ತಕಕ್ಕೆ ಕಂದು ರಟ್ಟು ಹಾಕಿಕೊಂಡು ಓದುವುದು, ಸಂಜೆ ಕಾಫಿ ಹೊತ್ತಿಗೆ ಮೇಲೆ ಹೋಗಿ ಹೇಳುವುದು ರೂಢಿಯಾಯಿತು. ಕಥೆ ಇದು: ಈಗಿನ ಕಾಲದ ಒಬ್ಬ ಹುಡುಗಿ. ಆಫೀಸು ಸಾಕಾಗಿ, ರಜೆಗೆಂದು ಒಂದು ಸರೋವರದ ದಡದಲ್ಲಿ ಹಳೇ ಮನೆ ಬಾಡಿಗೆಗೆ ಹಿಡಿಯುತ್ತಾಳೆ. ಹಿತ್ತಲ ಬಾವಿಗೆ ಬಗ್ಗಿ ನೋಡಿದವಳು ನಾನೂರು ವರ್ಷ ಹಿಂದಕ್ಕೆ ಹೋಗಿ ಬೀಳುತ್ತಾಳೆ. ಎತ್ತಿದವನು ಅಲ್ಲಿನ ಕೋಟೆಯ ದೊರೆ. ಎತ್ತರದ ಆಳು, ಹಸಿರು ಕಣ್ಣು, ಮಾತು ಕಡಿಮೆ, ಮೇಲೆ ಒಂದು ಶಾಪ. ಅವನಿಗೆ ವಯಸ್ಸಾಗುವುದಿಲ್ಲ, ಸಾವು ಬರುವುದಿಲ್ಲ.

"ಬಾವೀಲಿ ಬಿದ್ದೋಳಿಗೆ ಫ್ರ್ಯಾಕ್ಚರ್ ಆಗ್ಲಿಲ್ವಾ?" ಎಂದು ಡಾಕ್ಟ್ರಮ್ಮ ಕೇಳುತ್ತಿದ್ದರು. ಕೋಟೆಯಲ್ಲಿ ಬಚ್ಚಲು ಎಲ್ಲಿತ್ತು, ಹುಡುಗಿ ತಾಯಿಗೆ ಫೋನ್ ಹೇಗೆ ಮಾಡುತ್ತಾಳೆ, ಎಲ್ಲಕ್ಕೂ ಉತ್ತರ ಬೇಕು. ಬೇಡದ ಜಾಗಗಳನ್ನು ನಾನು ಹಾರಿಸಿಬಿಡುತ್ತಿದ್ದೆ.

"ಅವನು ದೀಪ ಆರಿಸಿದ. ಮುಂದೆ ಬೆಳಗಾಯಿತು" ಎಂದೆ ಒಂದು ದಿನ.

"ಏನೇ ಅದು ಮುಂದೆ ಬೆಳಗಾಯಿತು! ಅರ್ಧ ಊರಿಗೆ ಹೆರಿಗೆ ಮಾಡ್ಸಿದೀನಿ, ಮಕ್ಕಳು ಎಲ್ಲಿಂದ ಬರ್ತಾವೆ ಅಂತ ನಂಗೊತ್ತಿಲ್ವಾ? ನಡುವೆ ಇರೋದು ಹೇಳು."

"ನಂಗೆ ಅದಕ್ಕೆ ಕನ್ನಡ ಬರಲ್ಲ ಡಾಕ್ಟ್ರೇ."

ಅವರು ನಕ್ಕದ್ದು ಕೆಳಗೆ ನಮ್ಮ ಮನೆಯವರೆಗೂ ಕೇಳಿಸಿತೆಂದು ನನ್ನ ಗಂಡ ಆಮೇಲೆ ಹೇಳಿದರು. ಆ ನಗು ನನಗೆ ಇಷ್ಟವಾಗಿತ್ತು. ಅದಕ್ಕಾಗಿಯೇ ಹೋಗುತ್ತಿದ್ದೆ ಎಂದರೂ ಸರಿ.

ಆದರೆ ಹೊತ್ತು ಮುಳುಗುತ್ತ ಬಂದರೆ ಕಥೆ ಬಂದ್. ಈ ಊರು ಭೂಮಧ್ಯರೇಖೆಗೆ ಹತ್ತಿರ. ವರ್ಷವಿಡೀ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಮುಸ್ಸಂಜೆ ಬಂತು ಎನ್ನುವಷ್ಟರಲ್ಲಿ ಕತ್ತಲು. ಡಾಕ್ಟ್ರಮ್ಮ ತಡವರಿಸುತ್ತ ಎದ್ದು ದೇವರ ಗೂಡಿನಲ್ಲಿ ದೀಪ ಹಚ್ಚಿ ಬಂದು ಕೂತರೆಂದರೆ, ಹೊರಗೆ ಪೂರ್ತಿ ಕಪ್ಪಾಗುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಜಪವೋ ಏನೋ ಎಂದುಕೊಂಡಿದ್ದೆ. ಒಮ್ಮೆ ನಡುವೆ ಏನೋ ಕೇಳಿದೆ, ಬಾಯಿಯ ಮೇಲೆ ಬೆರಳಿಟ್ಟರು. ಕತ್ತಲಾದ ಮೇಲೆ ಹೇಳಿದರು, "ಅಸ್ತು ದೇವತೆಗಳು ಓಡಾಡೋ ಹೊತ್ತು. ಏನಾದ್ರೂ ಬಾಯಿಗೆ ಬಂದ್ಬಿಟ್ರೆ ಅಸ್ತು ಅಂದ್ಬಿಡ್ತಾರೆ."

ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತಾಡಬೇಡ, ಸಾಯಿ ಗೀಯಿ ಅನ್ನಬೇಡ, ಆಕಾಶದಲ್ಲಿ ಹೋಗುವ ದೇವತೆಗಳು ಹಾಗೇ ಆಗಲಿ ಎಂದುಬಿಟ್ಟಾರು. ಕನ್ನಡದ ಯಾವ ಮನೆಯ ಮಗು ಇದನ್ನು ಕೇಳದೆ ಬೆಳೆದಿದೆ? ಆದರೆ ಸರ್ಜರಿ ಮಾಡುವ ಕೈಯವರು, ಪ್ಯಾಥಾಲಜಿ ಓದಿದವರು ಇದನ್ನು ಹೀಗೆ ಪಾಲಿಸುವುದು ನನಗೆ ವಿಚಿತ್ರವೆನಿಸಿತು. ಆಗ ಕಾರಣ ಗೊತ್ತಿರಲಿಲ್ಲ.

ಕಾರಣ ಗೊತ್ತಾದದ್ದು ಕಥೆಯಲ್ಲಿ ಶಾಪದ ಅಧ್ಯಾಯ ಬಂದಾಗ. ದೊರೆ ಒಮ್ಮೆ ಯಾರನ್ನೋ ನಂಬಿ ಕೋಟೆಯ ಬಾಗಿಲು ತೆಗೆದಿದ್ದ. ಬಂದವರು ವೈರಿಗಳು, ಅವನ ತಮ್ಮನನ್ನು ಕೊಂದರು. ತಾಯಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಬದುಕಿದ ಮಗನಿಗೆ ಶಾಪ ಕೊಟ್ಟಳು: ಈ ಮನೆ ಬಿಟ್ಟು ಹೊರಟವರು ಯಾರೂ ನಿನ್ನ ಬಳಿಗೆ ತಿರುಗಿ ಬಾರದಿರಲಿ, ನೀನು ಸಾಯದೆ ಕಾಯುತ್ತಿರು. ಹೇಳಿ, ಆ ದುಃಖದಲ್ಲೇ ಎದೆಯೊಡೆದು ತೀರಿಹೋದಳು.

ಡಾಕ್ಟ್ರಮ್ಮ ಕಾಫಿ ಲೋಟ ಕೆಳಗಿಟ್ಟರು.

"ಉಶ್ಶಾಪ ಏನು ಕೊಟ್ಲು?"

"ಕೊಡ್ಲಿಲ್ಲ. ಸತ್ತೇಹೋದ್ಲು."

"ಅದು ಹ್ಯಾಗೇ ಆಗತ್ತೆ? ಉಶ್ಶಾಪ ಇಲ್ದೇ ಶಾಪ ಇರತ್ತಾ?"

ನಮ್ಮಲ್ಲಿ ಅದೊಂದು ಕಟ್ಟಳೆ ಇದೆ, ನಿಜ. ನಮ್ಮ ಪುರಾಣಗಳಲ್ಲಿ ಎಂಥ ಸಿಡುಕ ಋಷಿಯಾದರೂ ಶಾಪ ಕೊಟ್ಟು ಹಾಗೇ ಎದ್ದು ಹೋಗುವುದಿಲ್ಲ. ಕಾಲು ಹಿಡಿದರೆ ಕರಗುತ್ತಾನೆ. ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಅವನಿಗೂ ಬರುವುದಿಲ್ಲ, ಆದರೆ ಅದು ಯಾವಾಗ, ಹೇಗೆ ಕಳೆಯುತ್ತದೆಂದು ಒಂದು ಎಲ್ಲೆ ಹಾಕಿಯೇ ಹೋಗುತ್ತಾನೆ. ಮತ್ತೆ ಆ ಎಲ್ಲೆಯನ್ನು ಶಾಪ ಕೊಟ್ಟವರೇ ಹಾಕಬೇಕು, ಬೇರೆಯವರಿಗೆ ಆ ಹಕ್ಕಿಲ್ಲ.

"ಅವರ ದೇಶದಲ್ಲಿ ಉಶ್ಶಾಪ ಇಲ್ಲ ಅನ್ಸತ್ತೆ ಡಾಕ್ಟ್ರೇ" ಎಂದೆ, ತಮಾಷೆಗೆ. ಅವರು ನಗಲಿಲ್ಲ. ಇನ್ನು ಹೋಗು, ತಲೆ ನೋಯುತ್ತಿದೆ ಎಂದರು.

ಅದೇ ವಾರ ಅವರ ಫೋನಿಗೆ ಒಂದು ಮೆಸೇಜ್ ಬಂತು. ಓದಲು ಕಣ್ಣಿಲ್ಲದ್ದರಿಂದ ನನ್ನ ಕೈಗೆ ಕೊಟ್ಟರು. ಅವರ ಅಳಿಯನದು. ಅಳಿಯ ಇದ್ದಾನೆಂಬುದೇ ನನಗೆ ಆಗ ತಿಳಿದದ್ದು. ನಿಮ್ಮ ಮಗಳು ಮತ್ತೆ ಬಸುರಿ, ಈಗ ಏಳು ತಿಂಗಳು, ನಾನು ನಿಮಗೆ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ, ನಿಮಗೆ ತಿಳಿದಿರಲಿ ಎಂದು ಬರೆದೆ ಅಮ್ಮಾ, ಎಂದಷ್ಟೇ ಇತ್ತು. ನಾನು ಸಂತೋಷದಿಂದ ಜೋರಾಗಿ ಓದಿದೆ. ಡಾಕ್ಟ್ರಮ್ಮ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಒಂದೊಂದಾಗಿ ಹೇಳಿದರು. ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾಯಿಯ ಹಾಗೇ ಡಾಕ್ಟರಾಗಲೆಂದು ಮೆಡಿಕಲ್ ಸೇರಿಸಿದರೆ ಮುಗಿಯುವ ಮೊದಲೇ ಬಿಟ್ಟಳು. ಕಸರಾನಿ ಸ್ಟೇಡಿಯಮ್ಮಿನ ಹತ್ತಿರ ಓಟಗಾರರಿಗೆ ತರಬೇತಿ ಕೊಡುವ ಒಬ್ಬ ಇಲ್ಲಿಯ ಆಫ್ರಿಕನ್ ಹುಡುಗನನ್ನು ಮದುವೆಯಾಗುತ್ತೇನೆಂದಳು. ಓದು ಬಿಟ್ಟದ್ದಕ್ಕೆ ತನಗೆ ಸಿಟ್ಟು ಬಂತೇ ಹೊರತು ಹುಡುಗ ಯಾರೆಂಬುದಕ್ಕಲ್ಲ ಎಂದು ಡಾಕ್ಟ್ರಮ್ಮ ಹೇಳಿದರು. ನಾನು ಅದನ್ನು ಅರ್ಧ ನಂಬಿದೆ. ಈ ಊರಿನ ನಮ್ಮ ಮನೆಗಳಲ್ಲಿ ಯಾವುದಕ್ಕೆ ಸಿಟ್ಟು ಬರುತ್ತದೆಂದು ನನಗೂ ಗೊತ್ತು.

ಮಗಳು ಸೂಟ್‌ಕೇಸ್ ಹಿಡಿದು ಹೊರಟದ್ದು ಮುಸ್ಸಂಜೆಯಲ್ಲಿ. ಇವರು ದೀಪ ಹಚ್ಚಲು ಎದ್ದವರು, ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೂಗಿದರಂತೆ. ಆ ಮಾತನ್ನು ನನಗೆ ಹೇಳುವಾಗಲೂ ಕಿಟಕಿಯ ಕಡೆ ತಿರುಗಿ, ಹೊರಗೆ ಬಿಸಿಲಿದೆಯೇ ಎಂದು ಕೇಳಿಕೊಂಡೇ ಹೇಳಿದರು.

"'ನಿನ್ನ ಹೊಟ್ಟೇಲೂ ಒಂದು ಹುಟ್ಲಿ, ಅದೂ ನಿನ್ನ ಬಿಟ್ಟು ಹೋಗ್ಲಿ, ಆಗ ಗೊತ್ತಾಗತ್ತೆ ನಿಂಗೆ' ಅಂದೆ. ಹುಟ್ತು. ಗಂಡು ಮಗು. ಒಂದು ವಾರ ಇತ್ತು, ಹೋಯ್ತು."

ಹೀಗೆ ನಮ್ಮಲ್ಲಿ ಬೈಯದ ತಾಯಿ ಯಾರು? ನನ್ನಮ್ಮ ನನಗೆ ಇದಕ್ಕಿಂತ ಖಾರವಾಗಿ ಬೈದಿದ್ದಾರೆ, ನಾನು ನನ್ನ ಮಗನಿಗೂ ಕಡಿಮೆಯೇನೂ ಬೈದಿಲ್ಲ. ಹೆತ್ತವಳ ಶಾಪ ತಟ್ಟುವುದಿಲ್ಲ ಎನ್ನುತ್ತಾರೆ ಎಂದು ಸಮಾಧಾನ ಹೇಳಿದೆ. ಮಗುವಿಗೆ ಏನಾಗಿತ್ತು ಎಂದು ಕೇಳಿದೆ.

"ಹೃದಯದಲ್ಲಿ ಡಿಫೆಕ್ಟ್. ಮೂರನೇ ತಿಂಗಳಲ್ಲೇ ಹಾಗೆ ಕಟ್ಕೊಂಡಿರತ್ತೆ. ಯಾರ ಬಾಯಿಂದಾನೂ ಆಗೋದಲ್ಲ. ಅದನ್ನ ಎಷ್ಟು ಜನ ತಾಯಂದ್ರಿಗೆ ಕೂತು ಬಿಡಿಸಿ ಹೇಳಿಲ್ಲ ನಾನು! ನಂಗೆ ನಾನು ಹೇಳ್ಕೊಂಡ್ರೆ ನಾಟಲ್ಲ ಕಣೆ."

"ಆಮೇಲೆ ಹೋಗಿ ನೋಡಿದ್ರಾ ಮಗಳನ್ನ?"

ಇಲ್ಲ. ಅಳಿಯ ಫೋನ್ ಮಾಡಿದ್ದ. ಸೀರೆ ಉಟ್ಟು ತಯಾರಾಗಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಈ ಬಾಯಿ ಹೊತ್ತುಕೊಂಡು ಯಾವ ಮುಖದಿಂದ ಹೋಗುವುದು, ಹೋದರೆ ಇನ್ನೇನು ಕೇಡಾಗುತ್ತದೋ ಎಂದು. ಅಂದಿನಿಂದ ತಾಯಿಯೂ ಹೋಗಿಲ್ಲ, ಮಗಳೂ ಬಂದಿಲ್ಲ. ಒಂದೇ ಊರು. ಮಟಾಟು ವ್ಯಾನು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದು.

ನನಗೆ ದುಃಖವಾಯಿತು, ಅದಕ್ಕಿಂತ ಹೆಚ್ಚು ರೇಗಿತು. ಲೆಕ್ಕ ಕಲಿಸುವವಳಿಗೆ ಇಂಥ ತಪ್ಪು ಲೆಕ್ಕ ಸಹಿಸಲು ಕಷ್ಟ. ನಾಳೆಯೇ ಹೋಗೋಣ ಎಂದೆ. ಮೊದಲು ಪುಸ್ತಕ ಮುಗಿಸು, ಅವನ ಶಾಪ ಹೇಗೆ ಹೋಗುತ್ತೆ ನೋಡೋಣ ಎಂದರು. ಸ್ಕಾಟ್ಲೆಂಡಿನ ದೊರೆಗೂ ಇವರಿಗೂ ಏನು ಸಂಬಂಧವೆಂದು ಬೈದುಕೊಳ್ಳುತ್ತಲೇ ಉಳಿದ ಪುಟಗಳನ್ನು ಓದಿದೆ.

ಕಾದಂಬರಿ ಇಂಥ ಕಾದಂಬರಿಗಳು ಮುಗಿಯುವ ಹಾಗೇ ಮುಗಿಯಿತು. ಹುಡುಗಿ ಬಾವಿಯ ಮೂಲಕ ತನ್ನ ಕಾಲಕ್ಕೆ ಮರಳುತ್ತಾಳೆ, ಅಲ್ಲಿ ಇರಲಾರದೆ ಮತ್ತೆ ಬಾವಿಗೆ ಹಾರುತ್ತಾಳೆ. ಹೋದವಳೊಬ್ಬಳು ತಿರುಗಿ ಬಂದಳಲ್ಲ, ಶಾಪ ಮುರಿಯಿತು. ದೊರೆಯ ತಲೆಯಲ್ಲಿ ಮೊದಲ ಬಿಳಿಕೂದಲು ಕಂಡು ಇಬ್ಬರೂ ಆನಂದಬಾಷ್ಪ ಸುರಿಸುತ್ತಾರೆ. ವಾದ್ಯ, ಮದುವೆ, ಊಟ. ನಾನು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ.

"ಅಷ್ಟೇನಾ? ಅವನ ತಾಯಿ?"

"ತಾಯಿ ಸತ್ತು ಎಷ್ಟು ಕಾಲ ಆಯ್ತು."

"ಸತ್ರೆ ಏನು? ಕಾಲದಲ್ಲಿ ಹಿಂದೆ ಹೋಗೋಕೆ ಬರತ್ತಲ್ಲ ಆ ಹುಡುಗಿಗೆ! ಒಂದು ಸಲ ಆ ತಾಯಿ ಹತ್ರ ಹೋಗಿ, ಅಮ್ಮಾ ಉಶ್ಶಾಪ ಕೊಡು ಅಂತ ಕೇಳೋಕೆ ಅವಳಿಗೇನಾಗಿತ್ತು? ಅವಳು ಕೊಡ್ತಿದ್ಲು. ಕೇಳಿದ್ರೆ ಸಾಕಿತ್ತು, ಕೊಟ್ಬಿಡ್ತಿದ್ಲು." ಅವರು ನನ್ನ ಕಡೆ ಬಾಗಿದರು. "ನಂಗೆ ಆ ಬಾವಿ ಸಿಕ್ಕಿದ್ರೆ ಯಾವ ದೊರೇನೂ ಹುಡುಕ್ಕೊಂಡು ಹೋಗಲ್ಲ. ಆವತ್ತಿನ ಸಂಜೆಗೆ ಹೋಗಿ ನನ್ನ ಬಾಯಿಗೆ ಬಟ್ಟೆ ತುರುಕ್ತೀನಿ."

ಪುಸ್ತಕದಲ್ಲಿ ಪ್ರೀತಿಸಿದವಳು ಶಾಪ ಕಳೆಯಬಹುದು. ನಮ್ಮ ಪುರಾಣದಲ್ಲಿ ಕೊಟ್ಟವರೇ ಕಳೆಯಬೇಕು. ಡಾಕ್ಟ್ರಮ್ಮ ಪುಸ್ತಕವನ್ನು ತಪ್ಪೆಂದು ತೀರ್ಮಾನಿಸಿದರು. ಆ ತಾಯಿ ಸತ್ತಿದ್ದಾಳೆ, ತಾನಿನ್ನೂ ಬದುಕಿದ್ದೇನೆ, ಹೆರಿಗೆಗೆ ಮೊದಲು ಹೋಗಿ ಉಶ್ಶಾಪ ಕೊಟ್ಟು ಬರುತ್ತೇನೆ ಎಂದರು. ಮಾತು ಆಡಿದ ಹೊತ್ತಿನಲ್ಲೇ ಅದನ್ನು ಬಿಡಿಸಬೇಕಂತೆ, ಸರಿಯಾಗಿ ದೀಪ ಹಚ್ಚುವಾಗ. ಬೆಳಗ್ಗೆ ಹೋಗೋಣ, ರಸ್ತೆ ಖಾಲಿ ಇರುತ್ತದೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಟ್ಯಾಕ್ಸಿ ಥಿಕಾ ರೋಡಿನಲ್ಲಿ ಸಿಕ್ಕಿಕೊಂಡಿತು. ಎರಡೂ ಕಡೆ ಮಟಾಟುಗಳ ಹಾಡಿನ ಅಬ್ಬರ. ಡಾಕ್ಟ್ರಮ್ಮ ನನ್ನ ಕೈ ಹಿಡಿದುಕೊಂಡು, "ಸೂರ್ಯ ಎಲ್ಲಿದಾನೆ ನೋಡು, ಮರದ ಮೇಲಿದಾನಾ, ಕೆಳಗೆ ಇಳಿದ್ನಾ?" ಎಂದು ಕೇಳುತ್ತಲೇ ಇದ್ದರು. ಇನ್ನೂ ಇದ್ದಾನೆ, ಇನ್ನೂ ಇದ್ದಾನೆ ಎನ್ನುತ್ತಿದ್ದೆ. ಅಳಿಯನಿಗೆ ಮೊದಲೇ ತಿಳಿಸಿದ್ದೆ. ಗೇಟಿನಲ್ಲಿ ನಿಂತಿದ್ದವನು "ಕರಿಬು, ಮಮಾ" ಎಂದು ಸ್ವಾಗತಿಸಿ, ಅವರ ಮೊಣಕೈ ಹಿಡಿದು ಮೆಲ್ಲನೆ ನಡೆಸಿಕೊಂಡು ಹೋದ. ತುಂಬ ತಾಳ್ಮೆಯ ಮನುಷ್ಯ. ಅವನನ್ನು ನೋಡಿದ ಕೂಡಲೇ ನನಗೆ ಇಷ್ಟೊಂದು ವರ್ಷ ಹಾಳುಮಾಡಿದ್ದಕ್ಕೆ ಡಾಕ್ಟ್ರಮ್ಮನ ಮೇಲೆ ಹೊಸದಾಗಿ ಸಿಟ್ಟು ಬಂತು.

ಮಗಳು ಬಾಗಿಲಿಗೆ ಬಂದಳು. ತುಂಬಿದ ಹೊಟ್ಟೆ, ಕಣ್ಣ ಕೆಳಗೆ ಕಪ್ಪು. ತಾಯಿಗೆ ಅದೇನೂ ಕಾಣುತ್ತಿರಲಿಲ್ಲ. ಡಾಕ್ಟ್ರಮ್ಮ ಹೊಸ್ತಿಲು ದಾಟಲಿಲ್ಲ, ಮಗಳ ಉಸಿರು ಕೇಳಿದ ದಿಕ್ಕಿಗೆ ಮುಖ ಮಾಡಿ ನಿಂತರು. ಬಾಯಿಪಾಠ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ.

"ಆವತ್ತು ನನ್ನ ಬಾಯಲ್ಲಿ ಬಂದಿದ್ದು ಇಲ್ಲಿಗೆ ಮುಗೀಲಿ. ನಿಂಗೆ ತಟ್ಟದಿರ್ಲಿ. ನಿನ್ನ ಹೊಟ್ಟೇಲಿರೋದು ನೂರು ವರ್ಷ ಬಾಳ್ಲಿ. ಹೆತ್ತೋಳು ನಾನು ಹೇಳ್ತಿದೀನಿ, ದೀಪದ ಹೊತ್ತಲ್ಲಿ ಹೇಳ್ತಿದೀನಿ."

ಮಗಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಯಾವ ಮಾತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಡಾಕ್ಟ್ರಮ್ಮ ತುಟಿ ಬಿಗಿದುಕೊಂಡರು. ಆ ಮಾತನ್ನು ಆ ಹೊತ್ತಿನಲ್ಲಿ ಇನ್ನೊಮ್ಮೆ ಆಡುವುದುಂಟೇ?

ಅಂದು ನೀನೂ ಏನೇನೋ ಅಂದೆ, ನಾನೂ ಏನೇನೋ ಅಂದೆ, ಒಂದೂ ನೆನಪಿಲ್ಲ, ಎಂದು ಮಗಳು ಇಂಗ್ಲಿಷಿನಲ್ಲೇ ಹೇಳಿದಳು. ದನಿ ಏರಿಸಲಿಲ್ಲ. ನನಗೆ ನೆನಪಿರುವುದು ಒಂದೇ ಮಾತು, ಅಮ್ಮ. ನನ್ನ ಮಗ ಇಷ್ಟೇ ಇಷ್ಟು ಉದ್ದದ ಪೆಟ್ಟಿಗೆಯಲ್ಲಿ ಮಲಗಿದ್ದ. ಗೇಟು ಸದ್ದಾದಾಗಲೆಲ್ಲ ನೀನೇ ಬಂದೆ ಎಂದು ತಲೆ ಎತ್ತಿ ನೋಡಿದೆ. ಊರವರೆಲ್ಲ ಬಂದರು, ನೀನು ಬರಲಿಲ್ಲ.

ಡಾಕ್ಟ್ರಮ್ಮ ಯಾಕೆ ಬರಲಿಲ್ಲವೆಂದು ನಾನು ಹೇಳಲು ಹೊರಟೆ, ಅವರು ನನ್ನ ಕೈ ಗಟ್ಟಿಯಾಗಿ ಅದುಮಿದರು. ಹೊರಗೆ ಕತ್ತಲಾಗಿಬಿಟ್ಟಿತ್ತು, ಅಳಿಯ ಲೈಟು ಹಾಕಿದ. ಮಗಳು ಕಣ್ಣೊರೆಸಿಕೊಂಡು, ಈ ಸಲ ಬಾ, ಏನೂ ತರುವುದು ಬೇಡ, ಏನೂ ಹೇಳುವುದೂ ಬೇಡ, ಬಂದು ಪಕ್ಕದಲ್ಲಿರು ಎಂದಳು.

"ಬರ್ತೀನಿ" ಎಂದರು ಡಾಕ್ಟ್ರಮ್ಮ.

ಆಮೇಲೆ ಒಳಗೆ ಕೂತು ಟೀ ಕುಡಿದೆವು. ತಾಯಿ ಮಗಳು ಹವೆಯ ವಿಚಾರ, ನೀರಿನ ವಿಚಾರ ಮಾತಾಡಿದರು. ಅಷ್ಟು ಹೆರಿಗೆ ಮಾಡಿಸಿದ ಕೈ ಸೆರಗಿನಡಿಯಲ್ಲೇ ಇತ್ತು. ಹೊಟ್ಟೆ ಮುಟ್ಟಲೇ ಎಂದು ಅವರು ಕೇಳಲಿಲ್ಲ, ಮುಟ್ಟು ಎಂದು ಅವಳೂ ಹೇಳಲಿಲ್ಲ. ನನಗೆ ಅಲ್ಲೇ ಎದ್ದು ಒಬ್ಬರ ಕೈಯನ್ನು ಇನ್ನೊಬ್ಬರ ಮೇಲೆ ಇಟ್ಟುಬಿಡಬೇಕೆನಿಸಿತು. 

ಮುಂದಿನ ವಾರಗಳಲ್ಲಿ ಡಾಕ್ಟ್ರಮ್ಮ ಬೇರೆಯೇ ಹೆಂಗಸಾದರು. ಏನೂ ತರಬೇಡವೆಂದರೆ ಕೇಳುವವರೇ? ತಮ್ಮ ಹಳೇ ಹತ್ತಿ ಸೀರೆಗಳನ್ನು ಮುಟ್ಟಿ ಮುಟ್ಟಿ ಮೆತ್ತಗಿರುವುದನ್ನು ಆರಿಸಿ, ಮಗುವನ್ನು ಸುತ್ತಲು ಚೌಕ ಚೌಕವಾಗಿ ನನ್ನ ಕೈಯಲ್ಲಿ ಹರಿಸಿದರು. ಬಾಣಂತಿಗೆ ಅಂಟಿನುಂಡೆ ಆಗಲೇಬೇಕೆಂದು, ಪಾರ್ಕ್‌ಲ್ಯಾಂಡ್ಸ್ ಅಂಗಡಿಗಳಿಂದ ಅಂಟು, ಒಣಕೊಬ್ಬರಿ ತರಿಸಿ, ಪಕ್ಕದಲ್ಲಿ ಕೂತು ಬೈಯುತ್ತ ಕಟ್ಟಿಸಿದರು. ಹೊಸ ಕಾದಂಬರಿ ತರಲೇ ಎಂದೆ. ಈಗ ಬೇಡ, ಮಗು ಬರಲಿ, ಎಂದರು.

ನೋವು ಶುರುವಾದದ್ದು ಒಂದು ಶನಿವಾರ ಮಧ್ಯಾಹ್ನ. ಆಸ್ಪತ್ರೆಗೆ ಸೇರಿಸಿದ್ದೇವೆ, ಅವಳು ಅಮ್ಮನನ್ನು ಕೇಳುತ್ತಿದ್ದಾಳೆ ಎಂದು ಅಳಿಯ ಫೋನ್ ಮಾಡಿದ. ಡಾಕ್ಟ್ರಮ್ಮನಿಗೆ ಸೀರೆ ಉಡಿಸಿ, ಬ್ಯಾಗು ಪಕ್ಕಕ್ಕಿಟ್ಟು, ಕೆಳಗೆ ಹೋಗಿ ಟ್ಯಾಕ್ಸಿಗೆ ಕಾದೆ. ಬರುತ್ತೇನೆಂದವನು ಬರಲಿಲ್ಲ, ಇನ್ನೊಬ್ಬ ಜಾಮಿನಲ್ಲಿ ಸಿಕ್ಕಿ "ಪೋಲೆ ಸಾನಾ" ಎಂದು ಮತ್ತೆ ಮತ್ತೆ ಕ್ಷಮೆ ಕೇಳುತ್ತ ಕಡೆಗೆ ಬಂದಾಗ ಬಿಸಿಲು ಹಳದಿಯಾಗಿತ್ತು. ಓಡುತ್ತ ಮೇಲೆ ಹೋದೆ. ಅವರು ಕುರ್ಚಿಯಲ್ಲಿ ಹಾಗೇ ಕೂತಿದ್ದರು.

"ಏಳಿ ಡಾಕ್ಟ್ರೇ, ಗಾಡಿ ಬಂತು."

"ಹೊತ್ತೆಷ್ಟು?"

"ಆರು ದಾಟಿದೆ. ಏಳಿ."

"ಅಲ್ಲಿ ಹೋಗೋಷ್ಟರಲ್ಲಿ ದೀಪದ ಹೊತ್ತಾಗತ್ತೆ. ಆ ಹೊತ್ತಲ್ಲಿ ನಾನು ಅವಳ ರೂಮಿಗೆ ಕಾಲಿಡಲ್ಲ."

"ಉಶ್ಶಾಪ ಕೊಟ್ಟು ಬಂದ್ರಲ್ಲ! ಮತ್ತೇನು?"

"ಅವಳಿಗೆ ಮಾತೇ ನೆನಪಿಲ್ವಂತಲ್ಲೇ. ನೆನಪಿಲ್ದೋಳಿಗೆ ಕೊಟ್ಟಿದ್ದು ತಟ್ಟಿದ್ಯೋ ಇಲ್ವೋ ಯಾರಿಗೆ ಗೊತ್ತು. ಆ ಮಗು ಹೋದಾಗಿಂದ ಅವಳು ಬಸುರಿ ಆಗಿರ್ಲಿಲ್ಲ. ಇದೊಂದೇ ಇರೋದು. ಬೇಡ ಕಣೆ, ಬೇಡ."

ನಾನು ಕೂಗಾಡಿದೆ. ವಯಸ್ಸಿಗೆ ಬೆಲೆ ಕೊಡದೆ ಕೂಗಾಡಿದೆ. ನಿಮ್ಮ ಬಾಯಿಂದ ಯಾರೂ ಸತ್ತಿಲ್ಲ, ನಿಮಗೆ ಹೆದರಿಕೆ, ಆ ಹೆದರಿಕೆಗೆ ದೇವತೆಗಳ ಹೆಸರು ಇಟ್ಟುಕೊಂಡಿದ್ದೀರಿ ಎಂದೆ. ಅವಳು ಅಲ್ಲಿ ನೋವು ತಿನ್ನುತ್ತ ನಿಮ್ಮನ್ನು ಕರೆಯುತ್ತಿದ್ದಾಳೆ ಎಂದೆ. ಅವರು ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡು ಅಳುತ್ತಿದ್ದರು, ಆದರೆ ಏಳಲಿಲ್ಲ. ನೀನು ಹೋಗು, ಬ್ಯಾಗು ತಗೊಂಡು ಹೋಗು, ಬೇಗ ಹೋಗು ಎಂದು ಬೇಡಿಕೊಂಡರು. ನಾನು ಬಾಗಿಲು ಬಡಿದುಕೊಂಡು ಹೊರಟೆ.

ನಾನು ತಲುಪುವ ಹೊತ್ತಿಗೆ ಹೆರಿಗೆ ಆಗಿಹೋಗಿತ್ತು. ಹೆಣ್ಣು ಮಗು. ಕಾರಿಡಾರಿನಲ್ಲಿ ಅಳಿಯ ನನ್ನ ಕೈ ಕುಲುಕುತ್ತ ನಗುತ್ತ ಅಳುತ್ತ ಇದ್ದ, ಹೃದಯ ಸರಿಯಾಗಿದೆಯಂತೆ, ಎಲ್ಲ ನೋಡಿದರಂತೆ. ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ ನೋಡಿದಳು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ತನಕ ನೋಡುತ್ತಲೇ ಇದ್ದಳು. ನಾನು ಬ್ಯಾಗಿನಿಂದ ಮೆತ್ತನೆಯ ಹಳೇ ಸೀರೆಯ ಚೌಕವೊಂದನ್ನು ತೆಗೆದು ಮಗುವಿನ ಮೇಲೆ ಹೊದಿಸಿದೆ.

ನನ್ನ ಸಮಾಧಾನದ ಮಾತಿಗಿಂತ ಫೋನೇ ವಾಸಿ ಎಂದು ಅಲ್ಲಿಂದಲೇ ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಮಗಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಹೆಣ್ಣು ಮಗು ಡಾಕ್ಟ್ರೇ."

"ಅತ್ತಿತಾ?"

"ಜೋರಾಗಿ."

"ಉಗುರು ನೋಡು. ತುಟಿ ನೋಡು. ನೀಲಿ ಇದ್ಯಾ?"

"ಇಲ್ಲ, ಗುಲಾಬಿ ಬಣ್ಣ. ಹೃದಯಾನೂ ನೋಡಿದಾರೆ, ಸರಿಯಾಗಿದೆ."

ಆ ಕಡೆ ಅವರು ಬಿಕ್ಕಿದರು. ಅಷ್ಟು ಸಂತೋಷದ ದನಿಯನ್ನು ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. "ನೋಡಿದ್ಯಾ? ನಾನು ಬರ್ಲಿಲ್ಲ, ಅದಕ್ಕೇ ಮಗು ಚೆನ್ನಾಗಿದೆ. ನೀನು ಸುಮ್ನೆ ಬೈದೆ. ಇನ್ಮೇಲೂ ನಾನು ದೂರಾನೇ ಇರ್ತೀನಿ ಕಣೆ, ಅವರಿಬ್ರೂ ಚೆನ್ನಾಗಿರ್ಲಿ ಸಾಕು."

ಸ್ಪೀಕರ್ ಆರಿಸಲು ಹೋದೆ, ಅವಸರದಲ್ಲಿ ಗುಂಡಿ ಕೈಗೆ ಸಿಗಲಿಲ್ಲ. ಮಗಳು ಕೈ ಚಾಚಿ ಫೋನ್ ತೆಗೆದುಕೊಂಡಳು. ತಾಯಿಗೆ ಎಂದೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ಚಿಕ್ಕ ಮಕ್ಕಳು ಹೇಳುವ ಹಾಗೆ ಒಂದೊಂದೇ ಮಾತು ಹುಡುಕಿ ಹೇಳಿದಳು.

"ಅಮ್ಮ, ಮಗು ಚೆನ್ನಾಗಿದೆ. ನಾನು ಚೆನ್ನಾಗಿಲ್ಲ."

ಮಗಳು ಫೋನನ್ನು ಹಿಡಿದುಕೊಂಡೇ ಇದ್ದಳು.